ಪುಲಕೇಶಿಯ ಪಾರಸಿಕ ರಾಯಭಾರ: ಒಂದು ವಿಮರ್ಶೆ

ಇಮ್ಮಡಿ ಪುಲಕೇಶಿಗೂ ಪಾರಸಿಕ ದೊರೆ ಎರಡನೆಯ ಖುಸ್ರುವಿಗೂ ರಾಯಭಾರ ಸಂಬಂಧವಿತ್ತೆನ್ನಲು ನಮ್ಮ ಇತಿಹಾಸಗ್ರಂಥಗಳು ಎರಡು ಆಧಾರಗಳನ್ನು ಕೊಡುತ್ತವೆ: ಅರಬ್ಬೀ ಇತಿಹಾಸಕಾರ ತಬರಿಯ ಬರಹ, ಅಜಂತೆಯ ಒಂದನೆಯ ಗುಹೆಯ ಚಿತ್ರ. ಇವು ಒಂದನ್ನೊಂದು ಸಮರ್ಥಿಸುತ್ತವೆಂಬ ನಂಬಿಕೆ 1879ರಲ್ಲಿ ಫರ್ಗ್ಯುಸನ್ ಅವರ ಲೇಖನದಿಂದ ಬೇರೂರಿತು. ತರಗತಿಯಲ್ಲಿ ನಾನೂ ಹಾಗೆಯೇ ಹೇಳಿದ್ದುಂಟು.

ಆದರೆ ವಾಲ್ಟರ್ ಸ್ಪಿಂಕ್ ಅವರ ಕಾಲನಿರ್ಣಯದಂತೆ ಆ ಗುಹೆ ವಾಕಾಟಕ ಹರಿಷೇಣನ ಕಾಲದ್ದು, ಎಂದರೆ ಐದನೆಯ ಶತಮಾನದ ಉತ್ತರಾರ್ಧದ್ದು. ಪುಲಕೇಶಿ ಪಟ್ಟವೇರಿದ್ದು ಸುಮಾರು 610ರಲ್ಲಿ. ಇನ್ನೂ ಹುಟ್ಟದ ದೊರೆಯ ಓಲಗವನ್ನು ಚಿತ್ರಕಾರನು ಬರೆದುದೆಂತು? ಚೂಪು ಟೊಪ್ಪಿಗೆಯ ವಿದೇಶೀಯರು ಅಲ್ಲಿರುವುದು ನಿಜ. ಅವರು ವರ್ತಕರೂ ಆಗಿರಬಹುದು.

ಉಳಿಯುವವನು ತಬರಿಯೊಬ್ಬನೇ. ಅವನು 923ರಲ್ಲಿ ತೀರಿಕೊಂಡವನು. ಖುಸ್ರುವಿನ ಆಳ್ವಿಕೆಯ 36ನೆಯ ವರ್ಷದಲ್ಲಿ ಭಾರತದ ಅರಸನೊಬ್ಬನಿಂದ ಕಾಣಿಕೆಗಳೂ ಪತ್ರಗಳೂ ಬಂದುವೆಂದು ಅವನ ಗ್ರಂಥದಲ್ಲಿದೆ. ಕಾಲವೇನೋ ಹೊಂದುತ್ತದೆ. ಆದರೆ ಅಲ್ಲಿಯ ಹೆಸರನ್ನು ಪುಲಕೇಶಿಯೆಂದು ಓದುವುದು ವಿದ್ವಾಂಸರ ಊಹೆ. ಅರಬ್ಬೀ ಲಿಪಿಯಲ್ಲಿ ಚುಕ್ಕೆ ಸ್ಥಾನ ತಪ್ಪಿದರೆ ಹೆಸರೇ ಬೇರೆಯಾಗುತ್ತದೆ. ಹರ್ಷನ ಸೋಲನ್ನು ಹಾಡಿ ಹೊಗಳಿದ ರವಿಕೀರ್ತಿಯೂ 634-35ರ ಐಹೊಳೆ ಶಾಸನದಲ್ಲಿ ಪಾರಸಿಕರ ಮಾತೆತ್ತುವುದಿಲ್ಲ.

ಇದರಿಂದ ಸಂಬಂಧವೇ ಇರಲಿಲ್ಲವೆಂದು ಸಿದ್ಧವಾಗದು. ಆದರೆ ಪಠ್ಯಪುಸ್ತಕಗಳಲ್ಲಿ ಆ ಚಿತ್ರದ ಅಡಿಯಲ್ಲಿ ಪುಲಕೇಶಿಯ ಹೆಸರನ್ನು ಅಚ್ಚುಮಾಡುವುದನ್ನು ನಿಲ್ಲಿಸಬೇಕು.