ಕಾಯುವ ಮೂವರು

ಇಪ್ಪತ್ತು ವರ್ಷ ಮೀರಿ ಬರೆಯುತ್ತ ಬಂದಿರುವ, ಆದರೆ ಕಥೆಯೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಒಂದು ಬರವಣಿಗೆಯ ಬಗ್ಗೆ ಈ ವಾರ ಬರೆಯಬೇಕೆನಿಸಿದೆ. ಇಸ್ರೇಲಿನ ‘ಮಖ್ಸೋಮ್ ವಾಚ್’ ಎಂಬ ಮಹಿಳೆಯರ ಗುಂಪಿನ ವರದಿಗಳು ಅವು. ಹೀಬ್ರೂವಿನಲ್ಲಿ ಮಖ್ಸೋಮ್ ಎಂದರೆ ತಡೆ, ಚೆಕ್‌ಪೋಸ್ಟ್. ಎರಡನೇ ಇಂತಿಫಾದ ಶುರುವಾದ ಮೇಲೆ, 2001ರಲ್ಲಿ, ಮೂವರು ಹೆಂಗಸರು ಸೇರಿ ಹುಟ್ಟುಹಾಕಿದ ಈ ಗುಂಪು ಕೆಲವೇ ವರ್ಷಗಳಲ್ಲಿ ನೂರಾರು ಜನರದಾಯಿತು. ಹೆಚ್ಚಿನವರು ನಡುವಯಸ್ಸು ದಾಟಿದವರು, ಅನೇಕರು ಅಜ್ಜಿಯರು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಹಂಚಿಕೊಂಡು ವೆಸ್ಟ್ ಬ್ಯಾಂಕಿನ ಚೆಕ್‌ಪೋಸ್ಟುಗಳಿಗೆ, ಪರ್ಮಿಟ್ ಕೊಡುವ ಸೇನಾ ಕಚೇರಿಗಳಿಗೆ ಹೋಗಿ ನಿಲ್ಲುವುದು, ಕಂಡದ್ದನ್ನು ಬರೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸುವುದು ಅವರ ಕೆಲಸ.

ವರದಿಗಳ ರೂಪ ತೀರಾ ಸರಳ. ದಿನಾಂಕ, ಜಾಗ, ಪಾಳಿ. ಆಮೇಲೆ ಗಡಿಯಾರ. ನಾವು ಬಂದಾಗ ಎಷ್ಟು ಕಿಟಕಿ ತೆರೆದಿದ್ದವು, ಸಾಲು ಎಲ್ಲಿಯವರೆಗೆ ಬೆಳೆದಿತ್ತು, ವಯಸ್ಸಾದವರಿಗೂ ರೋಗಿಗಳಿಗೂ ಮೀಸಲಾದ ಗೇಟನ್ನು ತೆರೆದರೋ ಇಲ್ಲವೋ, ಸೇನೆಯ ಸಹಾಯವಾಣಿಗೆ ಎಷ್ಟು ಸಲ ಫೋನು ಮಾಡಿದೆವು, ಕೊನೆಯವನು ದಾಟಿದ್ದು ಎಷ್ಟು ಹೊತ್ತಿಗೆ. ಇಂಥ ಹತ್ತು ವರದಿ ಓದಿದರೆ ಬೇಸರವಾಗುತ್ತದೆ. ಮೂವತ್ತು ಓದಿದ ಮೇಲೆ ಆ ಬೇಸರವೇ ಇದರ ವಸ್ತು ಎಂದು ಹೊಳೆಯುತ್ತದೆ. ಕಾದಂಬರಿಕಾರ ಇದನ್ನು ಬರೆದಿದ್ದರೆ ಮೂರು ಗಂಟೆಯ ಕಾಯುವಿಕೆಯನ್ನು ಅರ್ಧ ಪುಟದಲ್ಲಿ ಮುಗಿಸಿ ಮುಂದಿನ ಘಟನೆಗೆ ಹೋಗುತ್ತಿದ್ದ. ಈ ಹೆಂಗಸರಿಗೆ ಮುಂದಿನ ಘಟನೆ ಇಲ್ಲ. ನಾಳೆಯ ಪಾಳಿ ಇದೆ.

ನಮ್ಮ ಓದುಗರಿಗೆ ಒಂದು ವಿಷಯ ಹೇಳಬೇಕು. ಚೆಕ್‌ಪೋಸ್ಟ್ ಎಂದರೆ ಎರಡು ದೇಶಗಳ ಗಡಿ ಎಂದುಕೊಂಡರೆ ಈ ವರದಿಗಳು ಅರ್ಥವಾಗುವುದಿಲ್ಲ. ಹುವ್ವಾರದ ಚೆಕ್‌ಪೋಸ್ಟ್ ಇದ್ದದ್ದು ನಬ್ಲುಸ್ ಪಟ್ಟಣಕ್ಕೂ ಅದರ ದಕ್ಷಿಣದ ಹಳ್ಳಿಗಳಿಗೂ ನಡುವೆ. ಎರಡೂ ಕಡೆ ಪ್ಯಾಲೆಸ್ತೀನಿಯರೇ. ರಾಮಲ್ಲಾ ಮತ್ತು ಜೆರುಸಲೇಮಿನ ನಡುವೆ ಕಲಂದಿಯಾ. ಇನ್ನು ಪರ್ಮಿಟ್: 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಇಸ್ರೇಲಿಗೆ ಹೋಗಿಬರುವ ಸಾಮಾನ್ಯ ಅನುಮತಿ ರದ್ದಾಯಿತು, 1993ರ ನಂತರ ಒಬ್ಬೊಬ್ಬರೂ ಒಂದೊಂದು ಚೀಟಿಗಾಗಿ ಅಲೆಯುವುದು ಕಾಯಂ ಆಯಿತು. ‘ಭದ್ರತಾ ಕಾರಣ’ ಎಂದು ಪಟ್ಟಿಯಲ್ಲಿ ಹೆಸರು ಸೇರಿದರೆ ಕಾರಣ ಏನೆಂದು ಹೇಳುವವರಿಲ್ಲ. ಪರ್ಮಿಟ್ ಕೇಳುವವರ ಪರ ವಕೀಲಿ ಮಾಡಿ ಆಮೇಲೆ ಸಮಾಜಶಾಸ್ತ್ರಜ್ಞೆಯಾದ ಯಾಯೆಲ್ ಬೆರ್ಡಾ, ಇದರ ಬೇರುಗಳನ್ನು ಬ್ರಿಟಿಷ್ ಸಾಮ್ರಾಜ್ಯದ ಕಚೇರಿಗಳವರೆಗೆ ಹಿಂಬಾಲಿಸಿದ್ದಾರೆ; ಅವರ 2022ರ ಪುಸ್ತಕ ಇಸ್ರೇಲ್ ಮತ್ತು ಸೈಪ್ರಸ್ಸಿನ ಜೊತೆ ಭಾರತವನ್ನೂ ಇಟ್ಟು ನೋಡುತ್ತದೆ. ಗುಮಾನಿಯನ್ನೇ ಆಡಳಿತದ ವಿಧಾನವಾಗಿ ಮಾಡಿಕೊಂಡ ಆ ಕಚೇರಿ ನಮಗೂ ಅಪರಿಚಿತವಲ್ಲ.

ಕನ್ನಡದಲ್ಲಿ ‘ಕಾಯು’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಬಸ್ಸಿಗೂ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಈ ವರದಿಗಳನ್ನು ಓದುವಾಗ ಆ ಪದ ಮತ್ತೆ ಮತ್ತೆ ನೆನಪಾಯಿತು. ಸೈನಿಕ ಗೇಟು ಕಾಯುತ್ತಾನೆ. ಕೂಲಿಗೆ ಹೋಗುವವನು ಬೆಳಗಿನ ಜಾವ ನಾಲ್ಕರಿಂದ ಗೇಟಿಗೆ ಕಾಯುತ್ತಾನೆ. ಇವರಿಬ್ಬರನ್ನೂ ನೋಡುತ್ತ ಆ ಹೆಂಗಸು ಕಾಯುತ್ತಾಳೆ. ಮೂವರಲ್ಲಿ ಯಾವಾಗ ಬೇಕಾದರೂ ಕಾರು ಹತ್ತಿ ಮನೆಗೆ ಹೋಗಬಲ್ಲವಳು ಅವಳೊಬ್ಬಳೇ. ಒಳ್ಳೆಯ ವರದಿಗಳು ಇದನ್ನು ಮರೆಯುವುದಿಲ್ಲ. ಸಪ್ಪೆಯಾದವುಗಳಲ್ಲಿ ಬರೆದವಳ ಸಿಟ್ಟು, ಆಯಾಸ ಮುಂದೆ ಬಂದು, ಸಾಲಿನಲ್ಲಿ ನಿಂತವರು ಹಿನ್ನೆಲೆಗೆ ಸರಿಯುತ್ತಾರೆ.

ಈ ಬರವಣಿಗೆಯ ಕಷ್ಟವೇನೆಂದು ತೋರಿಸುವ ಪ್ರಸಂಗ 2004ರ ನವೆಂಬರಿನದು. ನಬ್ಲುಸ್ ಬಳಿಯ ಬೇತ್ ಇಬಾ ಚೆಕ್‌ಪೋಸ್ಟಿನಲ್ಲಿ ಒಬ್ಬ ಪ್ಯಾಲೆಸ್ತೀನಿ ಯುವಕ ಸೈನಿಕರೆದುರು ಪಿಟೀಲು ನುಡಿಸುತ್ತಿದ್ದ ದೃಶ್ಯವನ್ನು ಗುಂಪಿನ ಸದಸ್ಯೆಯೊಬ್ಬರು ಚಿತ್ರೀಕರಿಸಿದರು. ಅದು ಪತ್ರಿಕೆಗಳಿಗೆ ಬಂದಾಗ ಇಸ್ರೇಲಿನಲ್ಲಿ ದೊಡ್ಡ ಗದ್ದಲವಾಯಿತು. ನಾಜಿ ಶಿಬಿರಗಳಲ್ಲಿ ಯಹೂದಿ ಸಂಗೀತಗಾರರಿಂದ ಬಲವಂತವಾಗಿ ವಾದ್ಯ ನುಡಿಸಿಸಿದ ನೆನಪು ಆ ಸಮಾಜದಲ್ಲಿ ಇನ್ನೂ ಹಸಿಯಾಗಿದೆ. ಬಲವಂತವಿರಲಿಲ್ಲ, ಆತ ತಾನಾಗಿ ನುಡಿಸಿದ ಎಂದು ಸೇನೆ ಆಮೇಲೆ ಹೇಳಿತು, ಆತ ಒಪ್ಪಲಿಲ್ಲ. ಆದರೆ ನನ್ನ ಕುತೂಹಲ ಬೇರೆ ಕಡೆಗಿದೆ. ಕಾದಂಬರಿಕಾರ ಯೋರಾಮ್ ಕನ್ಯೂಕ್ ಆ ಸೈನಿಕರನ್ನು ವಿಚಾರಣೆಗೆ ಗುರಿಪಡಿಸಬೇಕೆಂದು ಬರೆದರು. ಅರಬನನ್ನು ಹಿಂಸಿಸಿದ್ದಕ್ಕಲ್ಲ, ಹತ್ಯಾಕಾಂಡದ ನೆನಪಿಗೆ ಅವಮಾನ ಮಾಡಿದ್ದಕ್ಕೆ ಎಂಬುದು ಅವರ ವಾದ. ಅಂದರೆ ಆ ಚಿತ್ರ ಇಸ್ರೇಲಿ ಓದುಗನನ್ನು ಮುಟ್ಟಿದ್ದು ಅವನ ಸ್ವಂತ ಚರಿತ್ರೆಯ ಬಾಗಿಲಿನಿಂದ. ಪಿಟೀಲು ಹಿಡಿದವನ ಹಿಂದೆ ಸಾಲಿನಲ್ಲಿ ನಿಂತವರ ಕೈಯಲ್ಲಿ ವಾದ್ಯವಿರಲಿಲ್ಲ, ಆದ್ದರಿಂದ ಅವರು ಸುದ್ದಿಯಾಗಲಿಲ್ಲ. ಪಿಟೀಲಿಲ್ಲದ ದಿನಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟಿದ್ದು ಈ ವರದಿಗಳ ಹಿರಿಮೆ.

ಕಾಲ ಕಳೆದಂತೆ ವರದಿಗಳಿಂದ ಪಾತ್ರಗಳೇ ಮಾಯವಾಗಿವೆ. ಮೊದಲ ವರ್ಷಗಳಲ್ಲಿ ಸಂಭಾಷಣೆ ಇದೆ: ಅಧಿಕಾರಿಯ ಜೊತೆ ವಾದ, ಮೊಮ್ಮಗನ ವಯಸ್ಸಿನ ಸೈನಿಕನಿಗೆ ಬೈಗುಳ, ಬೇಡಿಕೆ. ಕಲಂದಿಯಾದಲ್ಲಿ ಟರ್ಮಿನಲ್ ಕಟ್ಟಿದ ಮೇಲೆ ಸೈನಿಕ ಗಾಜಿನ ಹಿಂದೆ ಹೋದ. ಉಳಿದದ್ದು ಧ್ವನಿವರ್ಧಕ ಮತ್ತು ತಿರುಗುವ ಕಬ್ಬಿಣದ ಗೇಟು. 2019ರಲ್ಲಿ ಮುಖ ಗುರುತಿಸುವ ಯಂತ್ರಗಳು ಬಂದವು. ಯಂತ್ರದ ಜೊತೆ ಜಗಳ ಆಡಲಾಗುವುದಿಲ್ಲ, ನಾಚಿಕೆಯಾಗಲಿಲ್ಲವೇ ಎಂದು ಅದನ್ನು ಕೇಳಲೂ ಆಗುವುದಿಲ್ಲ.

ಈ ವರದಿಗಳು ಕಾಣದೇ ಇರುವುದೂ ಇದೆ. ಬೀರ್ಝೇತ್ ವಿಶ್ವವಿದ್ಯಾಲಯದ ರೇಮಾ ಹಮ್ಮಾಮಿ 2004ರಲ್ಲಿ ಸುರ್ದಾ ಚೆಕ್‌ಪೋಸ್ಟಿನ ಬಗ್ಗೆ ಬರೆದ ಪ್ರಬಂಧವನ್ನು ಜೊತೆಗಿಟ್ಟು ಓದಬೇಕು. ಅದರಲ್ಲಿ ಸಾಲಿಗಿಂತ ಹೆಚ್ಚಾಗಿ ಸಂತೆ ಕಾಣುತ್ತದೆ: ವ್ಯಾನ್ ಚಾಲಕರು, ಗಾಡಿಯವರು, ಮಾರಾಟಗಾರರು, ಗಲಾಟೆಯ ನಡುವೆಯೇ ಒಂದು ಶಿಸ್ತು ತರುವ ಪುಂಡ ಹುಡುಗರು. ಹೇಗಾದರೂ ಇವತ್ತು ದಾಟುತ್ತೇವೆ ಎಂಬ ಹಟ ಅಲ್ಲಿ ಕಾಣುತ್ತದೆ. ಅದಾನಿಯಾ ಶಿಬ್ಲಿಯ ‘ಮೈನರ್ ಡೀಟೇಲ್’ ಕಾದಂಬರಿಯ ಎರಡನೇ ಭಾಗದಲ್ಲಿ ರಾಮಲ್ಲಾದ ನಿರೂಪಕಿ ಸಹೋದ್ಯೋಗಿಯ ಗುರುತಿನ ಚೀಟಿ ಎರವಲು ಪಡೆದು ಹೊರಡುತ್ತಾಳೆ. ದಾಟುವವಳ ಎದೆಬಡಿತ ನಮಗೆ ಕೇಳಿಸುವುದು ಅಲ್ಲಿ. ಪಕ್ಕದಲ್ಲಿ ನಿಂತ ವೀಕ್ಷಕಿಗೆ ಅದು ಕೇಳಿಸದು. ಕೇಳಿಸಿದಂತೆ ಬರೆದಿದ್ದರೆ ನಾನು ಈ ವರದಿಗಳನ್ನು ನಂಬುತ್ತಿರಲಿಲ್ಲ.

ಹೆಚ್ಚು ಕಾಡುವ ಆಕ್ಷೇಪ ಗುಂಪಿನ ಒಳಗಿನಿಂದಲೇ ಬಂದಿದೆ. ಸಂಸ್ಥಾಪಕಿಯರಲ್ಲಿ ಒಬ್ಬರಾದ ಯೆಹುದಿತ್ ಕಿರ್ಸ್ಟೀನ್ ಕೇಶೆಟ್ 2006ರಲ್ಲಿ ಪ್ರಕಟಿಸಿದ ‘ಚೆಕ್‌ಪಾಯಿಂಟ್ ವಾಚ್’ ಪುಸ್ತಕ ಸ್ವಂತ ಬೆನ್ನು ತಟ್ಟಿಕೊಳ್ಳುವ ಪುಸ್ತಕವಲ್ಲ. ಫೋನು ಮಾಡಿ ಗೇಟು ತೆರೆಸಿದಾಗ ಒಬ್ಬ ರೋಗಿ ಆಸ್ಪತ್ರೆಗೆ ತಲುಪುತ್ತಾನೆ; ಹಾಗೆಯೇ ಆ ಗೇಟು ಸ್ವಲ್ಪ ಸುಸೂತ್ರವಾಗಿ ನಡೆಯುತ್ತದೆ, ಸ್ವಲ್ಪ ಮರ್ಯಾದಸ್ಥವಾಗಿಯೂ ಕಾಣುತ್ತದೆ. ತಾವು ಅದನ್ನು ವಿರೋಧಿಸುತ್ತಿದ್ದೇವೋ, ಅದಕ್ಕೆ ಎಣ್ಣೆ ಹಾಕುತ್ತಿದ್ದೇವೋ? ವರದಿಯ ಭಾಷೆಯಲ್ಲೂ ಈ ಇಕ್ಕಟ್ಟು ಇದೆ. ‘ಇವತ್ತು ನಲವತ್ತು ನಿಮಿಷ ತಡ’ ಎಂದು ಬರೆದ ಕ್ಷಣವೇ, ಹತ್ತು ನಿಮಿಷವಾಗಿದ್ದರೆ ಸರಿಯಿತ್ತು ಎಂಬ ಧ್ವನಿ ತಾನಾಗಿ ನುಸುಳುತ್ತದೆ. ಗಡಿಯಾರ ತಡವನ್ನು ಅಳೆಯುತ್ತದೆ. ಅಲ್ಲಿ ಗೇಟು ಯಾಕಿರಬೇಕು ಎಂಬುದನ್ನು ಅದು ಕೇಳುವುದಿಲ್ಲ. ಬರೆಯುವವರಿಗೆ ಇದು ಗೊತ್ತಿಲ್ಲವೆಂದಲ್ಲ, ಅವರು ಆರಿಸಿಕೊಂಡ ರೂಪಕ್ಕೆ ಅದನ್ನು ಕೇಳಲು ಬರುವುದಿಲ್ಲ. ಆದರೂ ರೋಗಿ ಎದುರಿಗಿದ್ದಾಗ ಫೋನು ಮಾಡದೆ ಇರುವುದು ಹೇಗೆ ಎಂಬುದಕ್ಕೆ ನನ್ನ ಬಳಿಯೂ ಉತ್ತರವಿಲ್ಲ.

2023ರ ಅಕ್ಟೋಬರ್ ನಂತರ ಈ ಅಳತೆ ಪೂರ್ತಿ ತಲೆಕೆಳಗಾಯಿತು. ಇಸ್ರೇಲಿನಲ್ಲಿ ಕೆಲಸ ಮಾಡಲು ಪ್ಯಾಲೆಸ್ತೀನಿಯರಿಗಿದ್ದ ಹೆಚ್ಚಿನ ಪರ್ಮಿಟ್‌ಗಳು ಅಮಾನತಾದವು. ಅಲ್ಲಿಯವರೆಗಿನ ವರದಿಗಳಲ್ಲಿ ಸಾಲು ಚಿಕ್ಕದಿದ್ದರೆ ಅದು ಒಳ್ಳೆಯ ದಿನ. ಈಗ ಕೂಲಿಗಳು ದಾಟುತ್ತಿದ್ದ ಗೇಟಿನೆದುರು ಸಾಲು ಇಲ್ಲವೆಂದರೆ ಅವರು ಮನೆಯಲ್ಲಿ ಕೂತಿದ್ದಾರೆ ಎಂದು ಓದಿಕೊಳ್ಳಬೇಕು.