ಗೀರು, ನೆಗ್ಗು, ಕಿಲುಬು: ಹಳೆ ಸಾಮಾನಿನ ಜಾಹೀರಾತು ಓದುತ್ತಾ

"ಡೈನಿಂಗ್ ಟೇಬಲ್. ಎಕ್ಸಲೆಂಟ್ ಕಂಡೀಷನ್. ಅರ್ಜೆಂಟ್ ಸೇಲ್. ಜೆನ್ಯೂನ್ ಬಯರ್ಸ್ ಮಾತ್ರ ಸಂಪರ್ಕಿಸಿ."

ಬಳಸಿದ ವಸ್ತು ಮಾರುವ ಯಾವ ಆ್ಯಪ್ ತೆರೆದರೂ ಇಂಥ ನಾಲ್ಕು ಸಾಲು ಸಿಗುತ್ತವೆ. ಟೇಬಲ್ ಇದ್ದ ಜಾಗಕ್ಕೆ ಫ್ರಿಜ್ ಬರಬಹುದು, ಸ್ಕೂಟರ್ ಬರಬಹುದು, ಮಗುವಿನ ತೊಟ್ಟಿಲು ಬರಬಹುದು. ಮಿಕ್ಕ ಮೂರು ಸಾಲು ಹಾಗೇ ಇರುತ್ತವೆ. ಕವಿತೆಯನ್ನು ಓದುವ ಹಾಗೆ ಅವನ್ನು ಒಂದೊಂದಾಗಿ ಓದಿ ನೋಡಿದೆ. "ಅರ್ಜೆಂಟ್" ಎಂಬುದು ಮಾರುವವರ ಅವಸರ. "ಜೆನ್ಯೂನ್ ಬಯರ್ಸ್" ಎಂಬುದು ಅವರ ಅನುಮಾನ. "ಎಕ್ಸಲೆಂಟ್" ಅವರ ಅಭಿಮಾನ. ಟೇಬಲ್ಲಿನ ವಿಚಾರ ಎಲ್ಲಿದೆ? ಮರ ತೇಗವೋ, ರಬ್ಬರ್ ಮರವೋ, ಪ್ಲೈವುಡ್ಡೋ? ಉದ್ದಗಲ ಎಷ್ಟು? ಕುರ್ಚಿ ನಾಲ್ಕೋ ಆರೋ? ಕಾಲು ಬಿಚ್ಚಲು ಬರುತ್ತದೆಯೇ? ಇರುವುದು ಎಷ್ಟನೇ ಮಹಡಿಯಲ್ಲಿ, ಲಿಫ್ಟಿನಲ್ಲಿ ಹಿಡಿಸುತ್ತದೆಯೇ? ಕೊಳ್ಳುವವರ ತಲೆಯಲ್ಲಿ ಏಳುವ ಒಂದು ಪ್ರಶ್ನೆಗೂ ಆ ಸಾಲುಗಳಲ್ಲಿ ಉತ್ತರವಿಲ್ಲ.

ಸೋಮಾರಿತನದ ಬರಹ ಎಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು. ನಾವೆಲ್ಲ ಜಾಹೀರಾತಿನ ಭಾಷೆ ಕಲಿತದ್ದು ಹೊಸ ಸಾಮಾನಿನ ಅಂಗಡಿಗಳಿಂದ. ಅಲ್ಲಿ ಒಂದೇ ಮಾದರಿಯ ಸಾವಿರ ಫ್ರಿಜ್ಜುಗಳೂ ಒಂದೇ ಥರ. ಹೊಗಳಿದರೆ ಸಾಕು, ಉಳಿದದ್ದನ್ನು ಡಬ್ಬದ ಮೇಲೆ ಕಂಪನಿಯವರೇ ಅಚ್ಚು ಹಾಕಿರುತ್ತಾರೆ. ಹತ್ತು ವರ್ಷ ಒಂದು ಅಡುಗೆಮನೆಯಲ್ಲಿ ನಿಂತ ಫ್ರಿಜ್ಜಿಗೆ ಜೋಡಿ ಇಲ್ಲ. ಅದರ ಬಾಗಿಲಿನ ರಬ್ಬರ್ ಬೇರೆ, ಅದು ಗುಂಯ್‌ಗುಡುವ ರೀತಿ ಬೇರೆ, ಮೈಮೇಲಿನ ಗೀರು ಬೇರೆ. ಅದರ ಬಗ್ಗೆ ಬರೆಯಬೇಕಾದದ್ದು ಹೆಚ್ಚುಕಡಿಮೆ ಜೀವನಚರಿತ್ರೆಯೇ.

ಈ ಭಾಷೆ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ "ಎಕ್ಸಲೆಂಟ್ ಎತ್ತು" ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದರೆ ವಯಸ್ಸು ತಿಳಿಯಿತು. ಕೆಳದವಡೆಯ ಎಂಟೂ ಹಲ್ಲು ಬಂದು ಬಾಯಿಗೂಡುವ ಹೊತ್ತಿಗೆ ನಾಲ್ಕೈದು ವರ್ಷವಾಗಿರುತ್ತದೆ. ಸುಳಿ ಎಲ್ಲಿದೆ, ಗೊರಸು ಹೇಗಿದೆ, ಗಾಡಿಗೆ ಪಳಗಿದೆಯೇ, ಎಡಗಡೆಗೋ ಬಲಗಡೆಗೋ, ಹಾಯುವ ಚಾಳಿ ಇದೆಯೇ ಎಂದು ಒಂದೊಂದನ್ನೂ ಕೇಳುತ್ತಾರೆ. ಬೆಲೆ ಮಾತ್ರ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ನಡೆಯುತ್ತದೆ; ಗುಣದೋಷವೆಲ್ಲ ಬಯಲಲ್ಲಿ. ಆ್ಯಪಿನಲ್ಲಿ ಇದು ತಿರುಗುಮುರುಗಾಗಿದೆ: ಬೆಲೆ ದಪ್ಪ ಅಕ್ಷರದಲ್ಲಿ ಮೇಲೆ, ದೋಷ ಟವೆಲ್ಲಿನ ಕೆಳಗೆ.

ದೋಷ ಮುಚ್ಚಿಟ್ಟರೆ ನಷ್ಟ ಯಾರಿಗೆ? ಕೊಳ್ಳುವವರಿಗೆ ಎಂದು ಮೊದಲು ಅನಿಸುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಸಂತೆಯನ್ನು ಉದಾಹರಣೆಯಾಗಿಟ್ಟುಕೊಂಡು ಬರೆದ ಲೇಖನದಲ್ಲಿ ಬೇರೆ ಉತ್ತರ ಕೊಟ್ಟರು. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯದವನು ಎಲ್ಲಕ್ಕೂ ನಡುವಿನ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಕೊಡಲಾರ. ಕಾರನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಸಂತೆಯಲ್ಲಿ ಕೆಟ್ಟವೇ ಹೆಚ್ಚಾಗುತ್ತವೆ, ಬೆಲೆ ಇನ್ನೂ ಇಳಿಯುತ್ತದೆ. 2001ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಹಂಚಿಕೊಂಡಾಗ ಈ ಲೇಖನದ ಹೆಸರೇ ಮೊದಲು ಬಂತು. ಇದನ್ನು ಓದಿದ ಮೇಲೆ "ಎಕ್ಸಲೆಂಟ್ ಕಂಡೀಷನ್" ಎಂಬ ಮಾತು ನನಗೆ ಬೇರೆಯಾಗಿಯೇ ಕೇಳಿಸುತ್ತದೆ. ಒಳ್ಳೆಯ ವಸ್ತು ಇಟ್ಟುಕೊಂಡವರೂ ಕೆಟ್ಟ ವಸ್ತು ಇಟ್ಟುಕೊಂಡವರೂ ಅದೇ ಎರಡು ಪದ ಬರೆದರೆ, ಮೋಸ ಹೋಗುವವರು ಒಳ್ಳೆಯ ವಸ್ತುವಿನವರೇ. ಜೋಪಾನವಾಗಿ ಹತ್ತು ವರ್ಷ ಒರೆಸಿಟ್ಟ ಟೇಬಲ್ಲಿಗೂ ಕುಂಟುವ ಟೇಬಲ್ಲಿಗೂ ಒಂದೇ ಬೆಲೆ.

ಇಬೇ ಶುರುವಾದ ಕಥೆ ಇಲ್ಲಿ ನೆನಪಾಗುತ್ತದೆ. 1995ರಲ್ಲಿ ಪಿಯರ್ ಒಮಿಡ್ಯಾರ್ ತಮ್ಮ ಹೊಸ ತಾಣದಲ್ಲಿ ಕೆಟ್ಟುಹೋದ ಲೇಸರ್ ಪಾಯಿಂಟರ್ ಒಂದನ್ನು, ಕೆಟ್ಟಿದೆ ಎಂದು ಹೇಳಿಯೇ ಮಾರಾಟಕ್ಕಿಟ್ಟರು. ಅದು 14.83 ಡಾಲರಿಗೆ ಹೋಯಿತು. ಕೊಂಡವರಿಗೆ ಅದು ಕೆಟ್ಟಿರುವುದು ಗೊತ್ತೇ ಎಂದು ವಿಚಾರಿಸಿದರೆ, ತಾವು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಸಂಗ್ರಹಿಸುವವರು ಎಂಬ ಉತ್ತರ ಬಂತು. ಊರಗಲದ ಸಂತೆಯಲ್ಲಿ ಸಿಗದ ಗಿರಾಕಿ ಲೋಕದಗಲದ ಸಂತೆಯಲ್ಲಿ ಸಿಗುತ್ತಾನೆ. "ಕೆಟ್ಟಿದೆ" ಎಂಬ ಪದವನ್ನು ಬರೆಯದೇ ಹೋಗಿದ್ದರೆ ಆತ ಹುಡುಕುವುದಾದರೂ ಹೇಗೆ?

ಹಳೆ ಪುಸ್ತಕದ ವ್ಯಾಪಾರಿಗಳು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡರು. ಎಬಿ ಬುಕ್‌ಮನ್ಸ್ ವೀಕ್ಲಿ ಎಂಬ ಪತ್ರಿಕೆ 1949ರಲ್ಲಿ ಪುಸ್ತಕದ ಸ್ಥಿತಿಗೆ ಹಂತಹಂತದ ಪದಗಳನ್ನು ಗೊತ್ತುಮಾಡಿತು. ನನಗೆ ಬಹಳ ಹಿಡಿಸಿದ್ದು ಅಲ್ಲಿ "ಗುಡ್" ಪದಕ್ಕೆ ಸಿಕ್ಕ ಅರ್ಥ: ಹಾಳೆಯೆಲ್ಲ ಇದ್ದು ಓದಿ ಸವೆದ ಸಾಧಾರಣ ಪ್ರತಿ. ಅಂದರೆ ಆ ವ್ಯಾಪಾರದಲ್ಲಿ ಗುಡ್ ಎಂದರೆ ಹೊಗಳಿಕೆಯಲ್ಲ, ಅಳತೆ. ನಮ್ಮಲ್ಲಿ ಹಳೆಯ ಕನ್ನಡ ಪುಸ್ತಕ ಮಾರುವ ಪೋಸ್ಟುಗಳಲ್ಲಿ "ಅಪರೂಪದ ಪುಸ್ತಕ" ಎಂದಿರುತ್ತದೆ, ಮುಖಪುಟದ ಚಿತ್ರ ಇರುತ್ತದೆ. ಎಷ್ಟನೆಯ ಮುದ್ರಣ, ಯಾವ ವರ್ಷ, ರಟ್ಟು ಮೂಲದ್ದೋ ಮತ್ತೆ ಕಟ್ಟಿಸಿದ್ದೋ, ಹುಳು ತಿಂದ ತೂತು ಅಂಚಿನಲ್ಲಿದೆಯೋ ಅಕ್ಷರದ ಮೇಲೋ ಎಂಬುದನ್ನು ಬರೆದವರು ಕಡಿಮೆ. ಮುದ್ರಣ ವಿವರದ ಪುಟದ ಒಂದು ಫೋಟೊ ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ.

ನನ್ನ ನಿಜವಾದ ದೂರು ಪದಗಳ ಬಗ್ಗೆ. ಸವೆತವನ್ನು ಹೇಳಲು ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ! ಮೇಲ್ಮೈಯಲ್ಲಿ ಮೂಡಿದ್ದು ಗೀರು, ಒಳಕ್ಕಿಳಿದದ್ದು ಬಿರುಕು, ಪೆಟ್ಟಾಗಿ ತಗ್ಗಾದದ್ದು ನೆಗ್ಗು. ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆ ತಾಮ್ರಕ್ಕೆ ಕಿಲುಬು. ಪಾತ್ರೆಗೆ ಕಲಾಯಿ ಹೋಗಿರುತ್ತದೆ. ಮರಕ್ಕೆ ಗೆದ್ದಲು ಬೇರೆ, ಕುಟ್ಟೆ ಬೇರೆ. ಕುಟ್ಟೆ ಹಿಡಿದ ಮಂಚದ ಕೆಳಗೆ ಹಿಟ್ಟು ಉದುರಿರುತ್ತದೆ. ಬಟ್ಟೆ ಮಾಸುತ್ತದೆ, ಕರೆ ಕೂರುತ್ತದೆ, ರೇಷ್ಮೆ ಮಡಿಕೆಯ ಗೆರೆಯಲ್ಲಿ ಪಿಸಿಯುತ್ತದೆ, ಜರಿ ಕಪ್ಪಾಗುತ್ತದೆ. ಈ ಒಂದೊಂದು ಪದವೂ ಕೊಳ್ಳುವವರಿಗೆ ಏನು ಆಗಿದೆ, ಸರಿಹೋಗುತ್ತದೆಯೇ, ಎಷ್ಟು ಖರ್ಚು ಎಂಬುದನ್ನು ಒಟ್ಟಿಗೇ ಹೇಳಿಬಿಡುತ್ತದೆ. ಕಿಲುಬನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೆಗೆಯಬಹುದು. ಪಿಸಿದ ರೇಷ್ಮೆಗೆ ಮದ್ದಿಲ್ಲ. "ಮೈನರ್ ಡ್ಯಾಮೇಜ್" ಎಂದು ಬರೆದರೆ ಎರಡೂ ಒಂದೇ ಆಗಿಬಿಡುತ್ತವೆ. ನಮ್ಮ ಅಜ್ಜಿಯಂದಿರು ಪಾತ್ರೆ ಬದಲಾಯಿಸುವವನ ಜೊತೆ ಬಾಗಿಲಲ್ಲಿ ನಿಂತು ಆಡುತ್ತಿದ್ದ ಮಾತುಗಳು ಇವು. ಫೋನಿನಲ್ಲಿ ಕನ್ನಡ ಬರೆಯುವುದು ಇಷ್ಟು ಸುಲಭವಾದ ಕಾಲದಲ್ಲಿ ಅವನ್ನು ಬಿಟ್ಟುಕೊಡಬಾರದು.

ಫೋಟೊಗಳಿಗೂ ಇದೇ ಮಾತು. ಕಂಪನಿಯ ತಾಣದಿಂದ ತೆಗೆದ ಹೊಸ ಫೋನಿನ ಚಿತ್ರವನ್ನು ಮೂರು ವರ್ಷ ಬಳಸಿದ ಫೋನಿಗೆ ಹಾಕುವವರಿದ್ದಾರೆ. ನೋಡಿದ ಕೂಡಲೇ ನಂಬಿಕೆ ಹೋಗುತ್ತದೆ. ಬೆಳಗಿನ ಬೆಳಕಲ್ಲಿ, ಕಿಟಕಿಯ ಪಕ್ಕ, ನಾಲ್ಕೂ ಮಗ್ಗುಲಿನಿಂದ ತೆಗೆದ ಚಿತ್ರ ಬೇಕು. ಗೀರಿನ ಪಕ್ಕ ಒಂದು ರೂಪಾಯಿ ನಾಣ್ಯವಿಟ್ಟು ಹತ್ತಿರದಿಂದ ತೆಗೆದದ್ದೊಂದು ಬೇಕೇ ಬೇಕು. ಆನ್ ಆಗಿರುವ ಪರದೆ, ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಪುಟ, ಬಿಲ್ಲು. ಫ್ರಿಜ್ ಆದರೆ ಸ್ಟಾರ್ ಪಟ್ಟಿಯ ಚಿತ್ರ. "ಫೈವ್ ಸ್ಟಾರ್" ಎಂದಷ್ಟೇ ಬರೆಯುವುದು ಅರೆಸತ್ಯ, ಏಕೆಂದರೆ ಆ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ; ಹತ್ತು ವರ್ಷ ಹಿಂದಿನ ಐದು ನಕ್ಷತ್ರ ಇವತ್ತಿನ ಐದಲ್ಲ. ಪಟ್ಟಿಯ ಮೇಲೆ ವರ್ಷವೂ ಇರುತ್ತದೆ, ವರ್ಷಕ್ಕೆ ಎಷ್ಟು ಯೂನಿಟ್ ಎಂಬುದೂ ಇರುತ್ತದೆ.

ವಾಹನದ ಜಾಹೀರಾತುಗಳಲ್ಲಿ ನನ್ನನ್ನು ತೀರಾ ಕಾಡುವ ಸಾಲು "ಡಾಕ್ಟರ್ ಓಡಿಸಿದ ಕಾರು". ವೈದ್ಯರು ನಿಧಾನ ಓಡಿಸುತ್ತಾರೆ, ಸರ್ವಿಸ್ ತಪ್ಪಿಸುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ವಸ್ತುವಿನ ಗುಣ ಹೇಳಬೇಕಾದಲ್ಲಿ ಒಡೆಯನ ಅಂತಸ್ತು ಹೇಳುವುದು ಸರಿಯಲ್ಲ. ಹತ್ತು ವರ್ಷ ದಿನವೂ ಬೆಳಗ್ಗೆ ಸೀಟು ಒರೆಸಿ ಆಟೊ ಓಡಿಸಿದ ಚಾಲಕನ ಗಾಡಿ ಯಾವ ಲೆಕ್ಕದಲ್ಲಿ ಕಡಿಮೆ? ಅವನ ಹತ್ತಿರ ಸರ್ವಿಸ್ ಚೀಟಿಗಳಿದ್ದರೆ ಅದೇ ಅವನ ಪದವಿ. ನೋಂದಣಿಯ ತಿಂಗಳು ಮತ್ತು ವರ್ಷ, ಎಷ್ಟನೆಯ ಒಡೆಯ, ಓಡಿದ ಕಿಲೊಮೀಟರ್, ವಿಮೆ ಯಾವ ದಿನದವರೆಗೆ, ಸಾಲದ ನಮೂದು ಆರ್‌ಸಿಯಿಂದ ತೆಗೆಸಿದೆಯೇ, ಟೈರು ಯಾವಾಗ ಬದಲಾಯಿಸಿದ್ದು ಎಂಬಷ್ಟು ಬರೆದರೆ ವೃತ್ತಿ ಹೇಳುವ ಅಗತ್ಯವೇ ಬರುವುದಿಲ್ಲ. ಹೆಸರು ವರ್ಗಾವಣೆ ಯಾರ ಖರ್ಚಿನಲ್ಲಿ ಎಂಬುದೂ ಅಲ್ಲೇ ಇರಲಿ. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾರಿದವರ ಹೊಣೆ. ಅದನ್ನು ಮರೆತು, ಬೇರೆಯವರ ಅಪಘಾತಕ್ಕೆ ತಮ್ಮ ಹೆಸರಿಗೆ ನೋಟಿಸು ಬಂದಾಗ ಎಚ್ಚರಗೊಂಡರೆ ತಡವಾಗಿರುತ್ತದೆ.

ಎಲ್ಲ ಬಿಚ್ಚಿ ಬರೆಯಿರಿ ಎಂದರೆ ಮನೆಯ ನಂಬರೂ ಬರೆಯಿರಿ ಎಂದಲ್ಲ. ಬಡಾವಣೆಯ ಹೆಸರು ಸಾಕು. "ನಾನು ಸೈನ್ಯದಲ್ಲಿದ್ದೇನೆ, ನೋಡದೆಯೇ ಕೊಳ್ಳುತ್ತೇನೆ, ಕ್ಯೂಆರ್ ಕೋಡ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ" ಎಂಬ ವಂಚನೆ ನಮ್ಮೂರುಗಳಲ್ಲಿ ಬೇಕಾದಷ್ಟು ಜನರ ಖಾತೆ ಬರಿದು ಮಾಡಿದೆ. ಯುಪಿಐ ಪಿನ್ ಒತ್ತುವುದು ಹಣ ಕೊಡಲು. ಹಣ ಪಡೆಯಲು ಪಿನ್ ಬೇಕಿಲ್ಲ.

ಬೆಲೆಯ ಬಗ್ಗೆ ಒಂದು ಮಾತು. ಗಮನ ಸೆಳೆಯಲು 1 ರೂಪಾಯಿ ಎಂದು ಹಾಕುವವರು ಓದುವವರ ಸಮಯ ಕದಿಯುತ್ತಾರೆ. "ಲಾಸ್ಟ್ ಎಷ್ಟು?" ಎಂಬ ಮೆಸೇಜಿಗೆ ಬೇಸರಪಡುವವರೂ ತಮ್ಮ ಬೆಲೆಗೆ ಕಾರಣ ಕೊಟ್ಟಿರುವುದಿಲ್ಲ. ಕೊಂಡದ್ದು ಎಷ್ಟಕ್ಕೆ, ರಿಪೇರಿಗೆ ಎಷ್ಟು ಹೋಗಬಹುದು, ಅದನ್ನು ಕಳೆದು ಇಷ್ಟು ಎಂದು ಬರೆದ ಜಾಹೀರಾತಿಗೆ ಬರುವ ಚೌಕಾಸಿಯ ಧಾಟಿಯೇ ಬೇರೆ.

ಹೋದ ವರ್ಷ ಅಮ್ಮನ ವೆಟ್ ಗ್ರೈಂಡರ್ ಮಾರಬೇಕಾಯಿತು. ಮೊದಲು ನಾನೂ "ಗುಡ್ ಕಂಡೀಷನ್" ಎಂದೇ ಬರೆದೆ. ಮೂರು ವಾರ ಯಾರೂ ಬರಲಿಲ್ಲ. ಅಮ್ಮ ಒಂದು ಸಂಜೆ ಪಕ್ಕದಲ್ಲಿ ಕೂತು, "ಏನು ಬರೆದಿದ್ದೀಯ ಓದು" ಎಂದರು. ಓದಿದೆ. "ಅದರ ಕಲ್ಲಿನ ವಿಷಯ ಎಲ್ಲಿ?" ಎಂದು ಕೇಳಿ ಅವರೇ ಹೇಳುತ್ತಾ ಹೋದರು, ನಾನು ಬರೆದುಕೊಂಡೆ: ಎರಡು ಲೀಟರಿನದು, ಹದಿಮೂರು ವರ್ಷವಾಯಿತು. ಬೆಲ್ಟು ಹೊಸದು. ಕಲ್ಲು ನುಣುಪಾಗಿದೆ, ಉಳಿ ಹೊಡೆಸಬೇಕು. ಅಲ್ಲಿಯವರೆಗೆ ಇಡ್ಲಿ ಹಿಟ್ಟಿಗೆ ಅರ್ಧ ಗಂಟೆಯ ಬದಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಮುಚ್ಚಳ ಇಲ್ಲ, ತಟ್ಟೆ ಮುಚ್ಚಬಹುದು. ಮೋಟಾರು ಒಮ್ಮೆಯೂ ಸುಟ್ಟಿಲ್ಲ.

ಎರಡನೇ ದಿನವೇ ಒಬ್ಬ ಹೆಂಗಸು ಮಗನ ಜೊತೆ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬ. ಅದರಲ್ಲಿ ಮನೆಯಿಂದ ನೆನೆಸಿ ತಂದಿದ್ದ ಉದ್ದಿನಬೇಳೆ. "ಹಾಕಿ ನೋಡಬಹುದಾ ಅಮ್ಮ?" ಎಂದು ಕೇಳಿದರು. ಅಮ್ಮ ನೀರು ತಂದುಕೊಟ್ಟರು. ಇಬ್ಬರೂ ಯಂತ್ರದ ಎರಡು ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಅದು ತಿರುಗುವಷ್ಟು ಹೊತ್ತೂ ಬೇಳೆಯ ಬೆಲೆಯ ಮಾತಾಡಿದರು. ಆಕೆ ನಡುನಡುವೆ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, "ನೀವು ಬರೆದ ಹಾಗೇ ಇದೆ. ನಮ್ಮ ಬೀದಿಗೆ ಕಲ್ಲು ಹೊಡೆಯುವವರು ಬರುತ್ತಾರೆ" ಎಂದರು. ಬೆಲೆಯಲ್ಲಿ ಇನ್ನೂರು ಬಿಡಿ ಎಂದು ಕೇಳಿದರು. ಅಮ್ಮ ನೂರು ಬಿಟ್ಟರು. ಅರೆದ ಹಿಟ್ಟನ್ನು ಅದೇ ಡಬ್ಬಕ್ಕೆ ಬಳಿದುಕೊಂಡು, ಯಂತ್ರವನ್ನು ಮಗನ ಕೈಗೆ ಕೊಟ್ಟು ಮೆಟ್ಟಿಲಿಳಿದರು.