ಕುರ್ಚಿಯಲ್ಲಿ ಮೊದಲು ಸೋಲುವುದು

ಚಳ್ಳಕೆರೆಯ ಕಂಬಳಿ ಕೊಳ್ಳುವಾಗ ಬಲ್ಲವರು ಅಂಚಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಿಡಿಸಿ ಬೆಳಕಿಗೆ ಹಿಡಿದು ನೂಲು ಎಲ್ಲಿ ತೆಳುವಾಗಿದೆ ಎಂದು ಹುಡುಕುತ್ತಾರೆ, ಹರಿಯುವುದು ಅಲ್ಲಿಂದಲೇ. ಅದೇ ತಾಲೂಕಿನ ನಾಯಕನಹಟ್ಟಿಗೆ ಗೇಮಿಂಗ್ ಕುರ್ಚಿ ತರಿಸುವವರಿಗೂ ಇದೇ ಅಳತೆಗೋಲು ಸಾಕು. ಕುರ್ಚಿಯ ಆಯುಸ್ಸೆಂದರೆ ಅದರಲ್ಲಿ ಮೊದಲು ಸೋಲುವ, ಸೋತ ಮೇಲೆ ಸುಲಭವಾಗಿ ಬದಲಿಸಲಾಗದ ಭಾಗದ ಆಯುಸ್ಸು. ಬೆಲೆಯನ್ನು ಆ ವರ್ಷಗಳಿಂದ ಭಾಗಿಸಿ ನೋಡಬೇಕು.

ಜನ ಹೆದರುವುದು ಗ್ಯಾಸ್ ಸಿಲಿಂಡರಿಗೆ. ಒಳಗಿನ ನೈಟ್ರೋಜನ್ ಹಿಡಿದಿಡುವ ಸೀಲು ಸವೆದರೆ ಕುರ್ಚಿ ಕೂತವರ ಭಾರಕ್ಕೆ ಮೆಲ್ಲಗೆ ಇಳಿಯುತ್ತದೆ, ನಿಜ. ಆದರೆ ಸಿಲಿಂಡರು, ಚಕ್ರಗಳೆಲ್ಲ ಬಹುಮಟ್ಟಿಗೆ ಒಂದೇ ಅಳತೆಯವು, ತರಿಸಿ ಹಾಕಿದರಾಯಿತು. ನಿಜವಾಗಿ ಸೋಲುವುದು ಹೊದಿಕೆ. ಪಿಯು ಲೆದರ್ ಎಂದು ಮಾರುವುದು ಚರ್ಮವಲ್ಲ, ಬಟ್ಟೆಯ ಮೇಲೆ ಹಚ್ಚಿದ ಪಾಲಿಯುರೆಥೇನಿನ ತೆಳು ಪದರ. ಬಿಸಿ ಮತ್ತು ತೇವ ಕೂಡಿದರೆ ಅದು ಒಳಗಿಂದೊಳಗೇ ಕಳಚುತ್ತದೆ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ ನಮ್ಮದು, ತೇವ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಬೆವರಿನಿಂದ. ಏಪ್ರಿಲ್ ಮಧ್ಯಾಹ್ನ ಶೀಟಿನ ಸೂರಿನಡಿ, ಗಾಳಿಯಾಡದ ಹೊದಿಕೆಯ ಮೇಲೆ ಎರಡು ತಾಸು ಕೂತರೆ ಬೆನ್ನು ತೊಡೆಗಳೆಲ್ಲ ತೊಯ್ಯುತ್ತವೆ. ಮೊದಲು ತಲೆಯೆಣ್ಣೆ ತಾಗುವಲ್ಲಿ ಎಳೆಯಂಥ ಬಿರುಕು, ಆಮೇಲೆ ತೊಡೆಯಂಚಿನಲ್ಲಿ ಹೊಪ್ಪಳೆ, ಕೊನೆಗೆ ಕರಿ ಚಕ್ಕೆಗಳು ಅಂಗಿಗೆ ಅಂಟಿಕೊಂಡು ಬರುತ್ತವೆ. ಕುರುಬರ ಕಂಬಳಿ ಇದಕ್ಕೆ ತದ್ವಿರುದ್ಧ. ದಖನಿ ಕುರಿಯ ಒರಟು ಉಣ್ಣೆಗೆ ಹುಣಸೆ ಬೀಜದ ಗಂಜಿ ಹಾಕಿ ಗುಣಿಮಗ್ಗದಲ್ಲಿ ನೇಯ್ದದ್ದು; ಮೇಲೊಂದು ಒಳಗೊಂದು ಎಂಬುದಿಲ್ಲ, ಸವೆದರೂ ಉಣ್ಣೆಯೇ. ಬಟ್ಟೆ ಅಥವಾ ಜಾಲರಿ ಹೊದಿಕೆಯ ಕುರ್ಚಿಗೂ ಇದೇ ಗುಣ. 1994ರಲ್ಲಿ ಬಂದ ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಜಾಲರಿ ಕುರ್ಚಿಗೆ 12 ವರ್ಷದ ವಾರಂಟಿ ಕೊಡುವ ಧೈರ್ಯ ಸುಮ್ಮನೆ ಬಂದದ್ದಲ್ಲ.

ಗೇಮಿಂಗ್ ಕುರ್ಚಿಗೂ ಪೀಠೋಪಕರಣ ತಯಾರಕರ ಸಂಘವಾದ ಬಿಫ್ಮಾದ ಪರೀಕ್ಷೆಯ ಮುದ್ರೆ ಇರುತ್ತದಲ್ಲ ಎನ್ನುವವರಿದ್ದಾರೆ. ಇದ್ದರೆ ಒಳ್ಳೆಯದೇ. ಸೀಟಿನ ಮೇಲೆ 57 ಕಿಲೋ ಭಾರವನ್ನು 1 ಲಕ್ಷ ಸಲ ಬೀಳಿಸುವ ಆ ಪರೀಕ್ಷೆ ಚೌಕಟ್ಟನ್ನು ಒರೆಗೆ ಹಚ್ಚುತ್ತದೆ, ಬೆವರಿಗೆ ಹೊದಿಕೆ ತಡೆಯುತ್ತದೋ ಇಲ್ಲವೋ ಹೇಳುವುದಿಲ್ಲ. ವಾರಂಟಿಯಲ್ಲೂ ಸಾಮಾನ್ಯವಾಗಿ ಕಬ್ಬಿಣಕ್ಕೆ ಹೆಚ್ಚು ವರ್ಷ, ಹೊದಿಕೆಗೆ ಕಡಿಮೆ. ಆಕಾರವೂ ಹೊದಿಕೆಗೆ ಶತ್ರು. 2006ರಲ್ಲಿ ಡಿಎಕ್ಸ್‌ರೇಸರ್ ಕಂಪನಿ ರೇಸ್ ಕಾರಿನ ಸೀಟನ್ನೇ ಮಾದರಿಯಾಗಿಟ್ಟು ಕುರ್ಚಿ ಮಾಡಿತು; ತಿರುವಿನಲ್ಲಿ ಮೈ ಜಾರದಂತೆ ತಡೆಯುವ ಆ ಎತ್ತರದಂಚಿಗೆ ಮೇಜಿನ ಮುಂದೆ ಕೆಲಸವಿಲ್ಲ, ಕೂತೇಳುವಾಗಲೆಲ್ಲ ಉಜ್ಜಿಸಿಕೊಳ್ಳುವುದೊಂದೇ. ಲಾರಿ ಸೀಟು ಹೊಲಿಯುವವರ ಹತ್ತಿರ ಹೊಸ ಹೊದಿಕೆ ಹಾಕಿಸಬಹುದಲ್ಲ? ಹಾಕಿಸಬಹುದು, ಅವರ ಕೈಕೆಲಸ ಗಟ್ಟಿ. ಆದರೆ ಆ ಏರಿಳಿತದ ಅಂಚುಗಳಿಗೆ ಕತ್ತರಿಸಿ ಹೊಲಿಯುವ ಕೂಲಿಯನ್ನೂ ಬೆಲೆಗೆ ಸೇರಿಸಬೇಕು. ಹಾಗೆ ಮಾಡುವುದಾದರೆ ರೆಕ್ಸಿನ್ ಬೇಡ, ದಪ್ಪ ಬಟ್ಟೆಯನ್ನೇ ಹೇಳಿ.

ಬಡವರಿಗೆ ಈ ಲೆಕ್ಕವೆಲ್ಲ ಎಲ್ಲಿ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಆದರೆ 12,000 ರೂಪಾಯಿಯ ಕುರ್ಚಿ 3 ವರ್ಷಕ್ಕೆ ಸುಲಿದರೆ ವರ್ಷಕ್ಕೆ 4,000 ಬಿತ್ತು. 18,000ದ್ದು 9 ವರ್ಷ ಬಂದರೆ 2,000. ಅಷ್ಟು ಕೈಯಲ್ಲಿಲ್ಲದಿದ್ದರೆ ಆಫೀಸುಗಳು ಮಾರುವ ಹಳೆಯ ಜಾಲರಿ ಕುರ್ಚಿ ಹೊಸ ಪಿಯು ಕುರ್ಚಿಗಿಂತ ವಾಸಿ. ಜಾಲರಿ ಜೋತುಬಿದ್ದಿಲ್ಲವೇ ನೋಡಿ, ಸೀಟಿಗೆ ಫೋಮ್ ಇದ್ದರೆ ಮೊಣಕಾಲೂರಿ ಒತ್ತಿ ಎದ್ದು, ಆ ಗುಂಡಿ ತುಂಬಿಕೊಳ್ಳುವವರೆಗೂ ನಿಂತು ನೋಡಿ.